ಮಲಪ್ರಭೆಯ ಮೂಲವೂ ಸಹ್ಯಾದ್ರಿಯ ಅಡವಿಯೂ

(ಶ್ರೀಮಠದ ಸುವರ್ಣಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)

॥ ಶ್ರೀ ಗುರುಬಸವಲಿಂಗಾಯ ನಮಃ ॥

 

ಕೂಡಲಸಂಗಮಕ್ಕೆ ಹೋಗಿಬಾರದ ಭಕ್ತರು ಈ ಸಭೆಯಲ್ಲಿ ವಿರಳವೆಂದೇ ಹೇಳಬಹುದು. ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಆ ಪುಣ್ಯಸ್ಥಾನದಲ್ಲಿ ನಿಂತು ನೋಡಿದವರಿಗೆ ಕಣ್ಣು ಹಾಯುವವರೆಗೂ ನೀರು ಕಾಣುವದು. ಆ ನೀರನ್ನು ಕಂಡು ಮಲಪ್ರಭೆಯು ಸಮೃದ್ಧಳಾಗಿದ್ದಾಳೆಂದು ಸಂತೋಷಪಟ್ಟು ಮರಳುವವರು ಬಹುಮಂದಿ. ಆದರೆ ಅಲ್ಲಿ ನಿಂತಿರುವದು ಬಹುಮಟ್ಟಿಗೆ ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು. ಅಲ್ಲಿಂದ ಮೇಲಕ್ಕೆ ನದಿಯ ದಂಡೆಯನ್ನು ಹಿಡಿದು ನಡೆದರೆ, ಬೇಸಿಗೆಯಲ್ಲಿ ಎಷ್ಟೋ ಹರದಾರಿಗಳವರೆಗೆ ಪಾತ್ರವು ಒಣಗಿ, ಮುಳ್ಳುಕಂಟಿಯಿಂದ ತುಂಬಿ, ಕೆಲವೆಡೆ ಹೊಲವೋ ಹೊಳೆಯೋ ಎಂದು ಗುರುತಿಸಲಾರದಂತೆ ಆಗಿರುವದು ತಿಳಿಯುವದು. ನದಿಯ ಕೊನೆಯನ್ನು ಮಾತ್ರ ಕಂಡವರಿಗೆ ನದಿಯ ಆರೋಗ್ಯ ಗೊತ್ತಾಗಲಾರದು. ಅದಕ್ಕೆ ಮೂಲವನ್ನು ವಿಚಾರಿಸಬೇಕು. ಆ ಮೂಲವಿಚಾರವೇ ಇಂದಿನ ಉಪನ್ಯಾಸದ ವಿಷಯವು.

ಈ ವಿಚಾರವು ಕೇವಲ ಕುತೂಹಲದ್ದಲ್ಲ. 2019ನೆಯ ಇಸವಿಯ ಬೇಸಿಗೆಯಲ್ಲಿ ಮಲಪ್ರಭೆಯ ಕೆಳಸೀಮೆಯ ಹಳ್ಳಿಗಳು ಕುಡಿಯುವ ನೀರಿಗಾಗಿ ಬಾಯ್ಬಿಡುತ್ತಿದ್ದವು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅದೇ ನದಿಯು ಉಕ್ಕಿ ರಾಮದುರ್ಗ, ನರಗುಂದ, ಬಾದಾಮಿ ತಾಲೂಕುಗಳ ಊರುಗಳನ್ನು ಹೊಕ್ಕಿತು. ಪಟ್ಟದಕಲ್ಲಿನ ಪ್ರಾಚೀನ ದೇವಾಲಯಗಳ ಅಂಗಳದಲ್ಲಿಯೂ ನೀರು ನಿಂತಿತು. ವೈಶಾಖದಲ್ಲಿ ಕೊಡಪಾನಕ್ಕೆ ಸಿಗದ ನೀರು ಶ್ರಾವಣದಲ್ಲಿ ಮನೆಯನ್ನೇ ತೇಲಿಸಿತೆಂದರೆ, ಇದು ಬರಿಯ ನೀರಿನ ಕೊರತೆಯೆಂದು ಹೇಳಲಾಗದು, ನೀರಿನ ಹೆಚ್ಚಳವೆಂದೂ ಹೇಳಲಾಗದು. ನೀರು ಯಾವ ಕಾಲಕ್ಕೆ ಬರಬೇಕೋ ಆ ಕಾಲಕ್ಕೆ ಬಾರದೆ ಹೋಗುವದೇ ಇಲ್ಲಿಯ ವ್ಯಾಧಿಯು. ವ್ಯಾಧಿಯ ನಿದಾನವನ್ನು ಅರಿಯದೆ ಔಷಧವನ್ನು ಕೊಡುವದು ವೈದ್ಯಧರ್ಮವಲ್ಲವಷ್ಟೆ.

ಮಲಪ್ರಭೆಯು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 790 ಮೀಟರು ಎತ್ತರದಲ್ಲಿ, ಸಹ್ಯಾದ್ರಿಯ ಅಡವಿಯೊಳಗೆ ಹುಟ್ಟುವಳು. ಅಲ್ಲಿಂದ ಮೂಡಲಿಗೆ ಹರಿದು, ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಬೆಟ್ಟವನ್ನು ಸೀಳಿಕೊಂಡು, ಸುಮಾರು 300 ಕಿಲೋಮೀಟರು ಸಾಗಿ ಕೃಷ್ಣೆಯನ್ನು ಸೇರುವಳು. ನವಿಲುತೀರ್ಥದಲ್ಲಿ 1970ರ ದಶಕದಲ್ಲಿ ಕಟ್ಟು ಪೂರ್ಣವಾಗಿ ರೇಣುಕಾಸಾಗರವೆಂಬ ಜಲಾಶಯವು ಆಯಿತು. ಅದರ ಒಟ್ಟು ಧಾರಣಶಕ್ತಿಯು ಸುಮಾರು 37.7 ಟಿಎಂಸಿ. ಹುಬ್ಬಳ್ಳಿ-ಧಾರವಾಡದ ಜನರು ಕುಡಿಯುವದೂ ಈ ನೀರನ್ನೇ, ನವಲಗುಂದ-ನರಗುಂದದ ಕಾಲುವೆಗಳು ಕಾಯುವದೂ ಈ ನೀರನ್ನೇ. ಕಟ್ಟಿದ ಮೇಲಿನ ವರ್ಷಗಳಲ್ಲಿ ಆ ಜಲಾಶಯವು ತುಂಬಿದ ವರ್ಷಗಳು ಕಡಿಮೆ, ತುಂಬದೆ ಉಳಿದ ವರ್ಷಗಳೇ ಹೆಚ್ಚು.

ಈಗ ಮಳೆಯ ಹಂಚಿಕೆಯನ್ನು ನೋಡಬೇಕು. ಕಣಕುಂಬಿಯ ಸುತ್ತಿನ ಘಟ್ಟದ ನೆತ್ತಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವದು. ಅದೇ ನದಿಯು ಹಾಯ್ದುಹೋಗುವ ನರಗುಂದ, ಬಾದಾಮಿಯ ಸೀಮೆಯಲ್ಲಿ 600 ಮಿಲಿಮೀಟರಿನ ಆಚೀಚೆ. ಕಾರಣವು ಸ್ಪಷ್ಟ. ಅರಬ್ಬೀ ಸಮುದ್ರದ ಮೇಲಿಂದ ಆವಿಯನ್ನು ಹೊತ್ತು ಬರುವ ಪಡುವಣ ಗಾಳಿಯು ಸಹ್ಯಾದ್ರಿಗೆ ತಾಕಿ ಮೇಲಕ್ಕೇರಲೇಬೇಕಾಗುವದು. ಮೇಲಕ್ಕೇರಿದಂತೆ ಗಾಳಿಯು ತಣ್ಣಗಾಗುವದು. ತಣ್ಣಗಾದ ಗಾಳಿಯು ಅಷ್ಟು ಆವಿಯನ್ನು ಹಿಡಿದಿಡಲಾರದೆ ಮೋಡವಾಗಿ, ಮಳೆಯಾಗಿ ಇಳಿಸುವದು. ನೆತ್ತಿಯನ್ನು ದಾಟಿ ಮೂಡಲಿಗೆ ಇಳಿದ ಗಾಳಿಯು ಮತ್ತೆ ಬೆಚ್ಚಗಾಗಿ, ಉಳಿದ ಆವಿಯನ್ನು ಬಿಗಿಹಿಡಿಯುವದು. ಆದುದರಿಂದ ಮಲಪ್ರಭೆಯ ನೀರಿನ ಬಹುಭಾಗವು ಅವಳ ಪಾತ್ರದ ಮೊದಲ ಕೆಲವು ಹರದಾರಿಗಳಲ್ಲಿಯೇ, ಅದೂ ಜೂನಿನಿಂದ ಸಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ, ಸಂಪಾದನೆಯಾಗುವದು. ಗಳಿಕೆ ನಾಲ್ಕು ತಿಂಗಳು, ಉಣ್ಣುವದು ಹನ್ನೆರಡು ತಿಂಗಳು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವೆಲ್ಲ ಸುಲಭವಾಗುವದು.

ಅಡವಿಗೂ ನೀರಿಗೂ ಇರುವ ಸಂಬಂಧವನ್ನು ಕುರಿತು ಲೋಕದಲ್ಲಿ ಎರಡು ಪಕ್ಷಗಳುಂಟು. ಗಿಡ ಬೆಳೆಸಿದಲ್ಲಿ ಮಳೆ ಬರುವದು, ಕಡಿದಲ್ಲಿ ನಿಲ್ಲುವದು ಎಂಬುವದು ಒಂದು ಪಕ್ಷ. ಗಿಡಗಳೇ ನೀರನ್ನು ಕುಡಿಯುವವು, ಅವು ಕಡಿಮೆಯಾದಷ್ಟೂ ಹೊಳೆಗೆ ನೀರು ಹೆಚ್ಚು ಎಂಬುವದು ಎರಡನೆಯ ಪಕ್ಷ. ಎರಡೂ ಪಕ್ಷದವರು ವಿದ್ಯಾವಂತರೇ. ಎರಡರಲ್ಲಿಯೂ ಸತ್ಯಾಂಶವುಂಟು, ಎರಡರಲ್ಲಿಯೂ ಅತಿವ್ಯಾಪ್ತಿದೋಷವುಂಟು. ಶಾಸ್ತ್ರಪದ್ಧತಿಯಂತೆ ಒಂದೊಂದನ್ನಾಗಿ ಪರೀಕ್ಷಿಸುವದು ಯುಕ್ತವು.

ಮೊದಲನೆಯ ಪಕ್ಷ. ಮಳೆಯನ್ನು ಅಡವಿಯು ತರುವದೆಂಬ ಮಾತನ್ನು ಹಾಗೆಯೇ ಒಪ್ಪಲಾಗದು. ಮುಂಗಾರಿಯ ಆವಿಯ ಬಹುಭಾಗವು ಸಮುದ್ರದ್ದು. ಅದನ್ನು ಇಳಿಸುವದು ಬೆಟ್ಟದ ಎತ್ತರ. ಸಹ್ಯಾದ್ರಿಯು ಬೋಳಾದರೂ ಗಾಳಿಯು ಅದನ್ನು ಹತ್ತಲೇಬೇಕು, ಮಳೆಯು ಬೀಳಲೇಬೇಕು. ನಾಲ್ಕು ಎಕರೆಯಲ್ಲಿ ಗಿಡ ನೆಟ್ಟು ಆ ವರ್ಷ ಮಳೆ ಬಂದರೆ, ನೆಟ್ಟದ್ದರಿಂದಲೇ ಬಂತೆನ್ನುವದು ಕಾಕತಾಲೀಯನ್ಯಾಯವಾದೀತು. ಹಾಗಾದರೆ ಈ ಪಕ್ಷವು ಸಂಪೂರ್ಣ ಹುಸಿಯೇ? ಅದೂ ಅಲ್ಲ. ಗಿಡವು ಬೇರಿನಿಂದ ಹೀರಿದ ನೀರನ್ನು ಎಲೆಯ ಸೂಕ್ಷ್ಮರಂಧ್ರಗಳಿಂದ ಆವಿಯಾಗಿ ಬಿಡುವದು. ಆ ಆವಿಯು ಗಾಳಿಯೊಡನೆ ಮುಂದಕ್ಕೆ ಹೋಗಿ ಬೇರೊಂದು ಸೀಮೆಯಲ್ಲಿ ಮಳೆಯಾಗುವದು. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂಗಾರಿಯು ಸೋತ ವರ್ಷಗಳಲ್ಲಿ ತಮಿಳುನಾಡಿನ ಮಳೆಗೆ ಬೇಕಾದ ಆವಿಯಲ್ಲಿ ದೊಡ್ಡದೊಂದು ಪಾಲು ಸಹ್ಯಾದ್ರಿಯ ಅಡವಿಗಳಿಂದ ಒದಗುವದೆಂದು ಗಣಿಸಿದ್ದಾರೆ. ಎಂದಮೇಲೆ ಅಡವಿಯು ತನ್ನ ನೆತ್ತಿಯ ಮೇಲಿನ ಮಳೆಗಿಂತ ಹೆಚ್ಚಾಗಿ ಮೂಡಲ ಸೀಮೆಯ ಮಳೆಗೆ ನೆರವಾಗುವದು, ವಿಶೇಷವಾಗಿ ಬರಗಾಲದಲ್ಲಿ. ಇದು ಒಂದು ಗಿಡದ ಫಲವಲ್ಲ, ನೂರಾರು ಹರದಾರಿ ಹಬ್ಬಿದ ಅಡವಿಯ ಫಲ.

ಇಷ್ಟಲ್ಲದೆ ಆವಿಯಾಗುವ ನೀರು ತಂಪನ್ನು ಕೊಡುವದು. ಒಂದು ಗ್ರಾಮು ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಉಷ್ಣವನ್ನು ತನ್ನ ಸುತ್ತಣ ಗಾಳಿಯಿಂದಲೂ ನೆಲದಿಂದಲೂ ತೆಗೆದುಕೊಳ್ಳುವದು. ಮಣ್ಣಿನ ಕೊಡದ ನೀರು ತಣ್ಣಗಿರುವದು ಈ ಕಾರಣದಿಂದಲೇ. ಖಾನಾಪುರದ ಅಡವಿಯನ್ನು ಹೊಕ್ಕೊಡನೆ ಮೈಗೆ ತಂಪೆನಿಸುವದು ನೆರಳಿನಿಂದ ಮಾತ್ರವಲ್ಲ, ಈ ಆವಿಯ ವ್ಯಾಪಾರದಿಂದಲೂ ಹೌದು.

ಇನ್ನು ಎರಡನೆಯ ಪಕ್ಷ. ಗಿಡಗಳು ನೀರನ್ನು ಕುಡಿಯುವವೆಂಬುದು ನಿರ್ವಿವಾದ. ಇದನ್ನು ಪರೀಕ್ಷಿಸಲು ವಿದ್ವಾಂಸರು ಅನುಸರಿಸಿದ ಮಾರ್ಗವು ಪಾಠಶಾಲೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಅನ್ವಯ-ವ್ಯತಿರೇಕವೇ ಆಗಿದೆ. ಅಕ್ಕಪಕ್ಕದ ಎರಡು ಕಣಿವೆಗಳನ್ನು ಆರಿಸಿ, ಎರಡರಲ್ಲಿಯೂ ಅಡವಿ ಇರುವಾಗಲೇ ಕೆಲವು ವರ್ಷ ಹಳ್ಳದ ನೀರನ್ನು ಅಳೆಯುವರು. ಅನಂತರ ಒಂದರಲ್ಲಿ ಗಿಡ ಕಡಿದು, ಮತ್ತೊಂದನ್ನು ಹಾಗೆಯೇ ಬಿಟ್ಟು, ಮುಂದಿನ ವರ್ಷಗಳಲ್ಲಿ ಉಂಟಾದ ಅಂತರವನ್ನು ನೋಡುವರು. ಅಮೇರಿಕಾದ ಕೊಲರಾಡೋ ಬೆಟ್ಟಗಳಲ್ಲಿ 1910ರಿಂದ 1926ರವರೆಗೆ ಹೀಗೆ ಪರೀಕ್ಷೆ ನಡೆಯಿತು. ಲೋಕದ ಬೇರೆಬೇರೆ ಕಡೆ ನಡೆದ ಇಂಥ 94 ಪರೀಕ್ಷೆಗಳನ್ನು ಇಬ್ಬರು ವಿದ್ವಾಂಸರು 1982ರಲ್ಲಿ ಒಟ್ಟುಗೂಡಿಸಿ ವಿಮರ್ಶಿಸಿದರು. ಗಿಡ ಕಡಿದಲ್ಲಿ ವರ್ಷದ ಒಟ್ಟು ನೀರು ಹೆಚ್ಚುವದು, ಗಿಡ ಬೆಳೆಸಿದಲ್ಲಿ ಕಡಿಮೆಯಾಗುವದು ಎಂಬದೇ ಅವುಗಳ ಸಾಮಾನ್ಯ ನಿರ್ಣಯವು. ನಮ್ಮ ನೆರೆಯ ನೀಲಗಿರಿಯಲ್ಲಿ ಸಹಜವಾದ ಹುಲ್ಲುಗಾವಲಿನ ಒಂದು ಕಣಿವೆಯಲ್ಲಿ 1972ರಲ್ಲಿ ನೀಲಗಿರಿಗಿಡಗಳನ್ನು ನೆಟ್ಟು ನೋಡಲಾಗಿ, ಮೊದಲ ಹತ್ತು ವರ್ಷಗಳ ಸರಾಸರಿಯಲ್ಲಿ ಹಳ್ಳದ ನೀರು ಶೇಕಡಾ 16ರಷ್ಟು ತಗ್ಗಿತು.

ಈ ಪ್ರಮಾಣಗಳನ್ನು ತಳ್ಳಿಹಾಕುವದು ಸಲ್ಲದು. ಗಿಡ ನೆಡುವದೆಲ್ಲವೂ ನೀರಿಗೆ ಹಿತವೆಂದು ಕಣ್ಣುಮುಚ್ಚಿ ಹೇಳುವದು ಅಂಧಪರಂಪರೆಯಾಗುವದು. ಬೆಟ್ಟದ ನೆತ್ತಿಯ ಹುಲ್ಲುಗಾವಲನ್ನು ಪಾಳುಭೂಮಿಯೆಂದು ಭಾವಿಸಿ, ಅಲ್ಲಿ ಬೇಗ ಬೆಳೆಯುವ ಪರದೇಶದ ಗಿಡಗಳನ್ನು ತುಂಬಿದವರು ಪುಣ್ಯವೆಂದು ಮಾಡಿದರೂ ಕೆಳಗಿನ ಊರಿನ ಒರತೆಯನ್ನು ಬತ್ತಿಸಿದರು. ಹುಲ್ಲುಗಾವಲೂ ಅಡವಿಯಂತೆಯೇ ಬೆಟ್ಟದ ಸಹಜವಸ್ತ್ರವು.

ಹಾಗಾದರೆ ಅಡವಿಯನ್ನು ಕಡಿದರೆ ಮಲಪ್ರಭೆ ತುಂಬುವಳೇ? ಇಲ್ಲಿಯೇ ವಿಚಾರದ ಗಂಟು ಇರುವದು. ಮೇಲಿನ ಪರೀಕ್ಷೆಗಳು ಹೇಳುವದು ವರ್ಷದ ಒಟ್ಟು ನೀರಿನ ಲೆಕ್ಕ. ರೈತನು ಕೇಳುವದು ಆ ಲೆಕ್ಕವನ್ನಲ್ಲ. ಮಾಘ-ಫಾಲ್ಗುಣದಲ್ಲಿ ಹಳ್ಳದಲ್ಲಿ ನೀರುಂಟೇ ಎಂದು ಅವನು ಕೇಳುವನು. ಈ ಪ್ರಶ್ನೆಗೆ ಉತ್ತರವು ಗಿಡದ ನೆತ್ತಿಯಲ್ಲಿಲ್ಲ, ಗಿಡದ ಬುಡದಲ್ಲಿದೆ.

ದೊಡ್ಡ ಮಳೆಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರು ವೇಗದಿಂದ ನೆಲವನ್ನು ಬಡಿಯುವದು. ಬರಿಯ ಮಣ್ಣಿನ ಮೇಲೆ ಹೀಗೆ ಕೋಟ್ಯಾನುಕೋಟಿ ಹನಿಗಳು ಬಡಿದಾಗ ಮಣ್ಣಿನ ಹೆಂಟೆಗಳು ಒಡೆದು ಹುಡಿಯಾಗಿ, ಆ ಹುಡಿಯು ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿ, ಸಾರಿಸಿದ ನೆಲದಂತೆ ಮೇಲ್ಮೈ ಗಟ್ಟಿಯಾಗುವದು. ಆಮೇಲೆ ಬಿದ್ದ ನೀರು ಒಳಗೆ ಇಂಗದೆ ಇಳಿಜಾರಿನಲ್ಲಿ ಮಣ್ಣನ್ನೂ ಹೊತ್ತುಕೊಂಡು ಓಡುವದು. ಅಡವಿಯಲ್ಲಿ ಎಲೆಗಳು ಹನಿಯನ್ನು ತಡೆಯುವವೆಂದು ಜನರು ಭಾವಿಸುವರು. ಅದು ಪೂರ್ಣಸತ್ಯವಲ್ಲ. ಎತ್ತರದ ಗಿಡದ ಅಗಲವಾದ ಎಲೆಯಿಂದ ಕೂಡಿ ಉದುರುವ ಹನಿಯು ಇನ್ನೂ ದೊಡ್ಡದಾಗಿದ್ದು, ಹತ್ತು ಮೀಟರು ಬೀಳುವಷ್ಟರಲ್ಲಿ ತನ್ನ ವೇಗದ ಬಹುಪಾಲನ್ನು ಮರಳಿ ಪಡೆಯುವದು. ಬುಡವನ್ನು ಗುಡಿಸಿಟ್ಟಂತಿರುವ ತೇಗದ ತೋಪಿನಲ್ಲಿ ಮಣ್ಣು ಕೊಚ್ಚಿಹೋಗುವದಕ್ಕೆ ಇದೇ ಕಾರಣ. ನೆಲವನ್ನು ನಿಜವಾಗಿ ಕಾಯುವದು ಕೆಳಗಿರುವ ಕುರುಚಲು, ಹುಲ್ಲು ಮತ್ತು ತರಗೆಲೆಯ ಹಾಸು.

ತರಗೆಲೆಯು ಕೊಳೆತು ಮಣ್ಣಿಗೆ ಸೇರುವದು. ಎರೆಹುಳು, ಗೆದ್ದಲು, ಇರುವೆ ಮೊದಲಾದ ಅಸಂಖ್ಯ ಜೀವಿಗಳು ಅದನ್ನು ಉಂಡು ನೆಲದಲ್ಲಿ ದಾರಿ ಕೊರೆಯುವವು. ಸತ್ತ ಬೇರುಗಳು ಕೊಳೆತಲ್ಲಿ ಆಳವಾದ ಕೊಳವೆಗಳು ಉಳಿಯುವವು. ಇಂಥ ನೆಲವು ಎಂಥ ಜಡಿಮಳೆಯನ್ನೂ ಬಹುಮಟ್ಟಿಗೆ ಒಳಕ್ಕೆ ಎಳೆದುಕೊಳ್ಳುವದು. ಒಂದು ಎಕರೆಯ ಮೇಲೆ 100 ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು ನಾಲ್ಕು ಲಕ್ಷ ಲೀಟರು ನೀರು. ಇಷ್ಟನ್ನು ಒಳಗೆ ಇಳಿಸಿಕೊಳ್ಳುವ ಸಾಮರ್ಥ್ಯವು ಮನುಷ್ಯನು ಕಟ್ಟಿದ ಯಾವ ಹೊಂಡಕ್ಕಿಂತಲೂ ಈ ಹುಳುಹುಪ್ಪಡಿಗಳ ಕಾಯಕದಲ್ಲಿ ಹೆಚ್ಚಾಗಿದೆ.

ನಮ್ಮ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಸುಗ್ಗಿಯಲ್ಲಿ ರಾಶಿ ಎಷ್ಟಾಯಿತೆಂಬುದೊಂದೇ ಮನೆತನದ ಭಾಗ್ಯವನ್ನು ನಿರ್ಣಯಿಸುತ್ತಿರಲಿಲ್ಲ. ಹಗೇವಿಗೆ ಎಷ್ಟು ಇಳಿಯಿತು, ಅಲ್ಲಿಂದ ಬರಗಾಲದಲ್ಲಿ ಎಷ್ಟು ಹೊರಬಂತು ಎಂಬುದು ನಿರ್ಣಯಿಸುತ್ತಿತ್ತು. ಬೆಟ್ಟದ ಮಣ್ಣೂ ಅದರ ಕೆಳಗಿನ ಸೀಳುಬಂಡೆಯೂ ನೀರಿನ ಹಗೇವು. ಅಡವಿಯು ಆ ಹಗೇವಿನ ಬಾಯಿಯನ್ನು ತೆರೆದಿಡುವದು. ಅದಕ್ಕಾಗಿ ತನ್ನ ಕೂಲಿಯೆಂದು ಒಂದು ಪಾಲು ನೀರನ್ನು ಕುಡಿಯುವದೂ ನಿಜ. ಕೂಲಿಯನ್ನು ಉಳಿಸಲು ಕಾವಲುಗಾರನನ್ನು ಓಡಿಸಿದವನ ಹಗೇವು ಏನಾಗುವದು? ಬಾಯಿ ಮುಚ್ಚಿಹೋಗಿ, ರಾಶಿಯೆಲ್ಲ ಅಂಗಳದಲ್ಲಿಯೇ ಉಳಿದು, ಒಂದು ರಾತ್ರಿಯ ಮಳೆಗೆ ಕೊಚ್ಚಿಹೋಗುವದು.

ಆದುದರಿಂದ ಸಿದ್ಧಾಂತವು ಹೀಗೆ: ಅಡವಿಯಿಂದ ಇಂಗುವ ಲಾಭವು ಒಂದು ಕಡೆ, ಅಡವಿಯು ಕುಡಿಯುವ ವೆಚ್ಚವು ಇನ್ನೊಂದು ಕಡೆ. ಲಾಭವು ಹೆಚ್ಚಾದಲ್ಲಿ ಬೇಸಿಗೆಯ ಹಳ್ಳವು ಹರಿಯುವದು, ವೆಚ್ಚವು ಹೆಚ್ಚಾದಲ್ಲಿ ಬತ್ತುವದು. ನಾಲ್ಕೇ ತಿಂಗಳಲ್ಲಿ ಜಡಿಮಳೆಯಾಗಿ ಮೂರು ಸಾವಿರ ಮಿಲಿಮೀಟರು ಸುರಿಯುವ ಸಹ್ಯಾದ್ರಿಯ ನೆತ್ತಿಯಲ್ಲಿ ಇಂಗಿಸುವ ಲಾಭವೇ ದೊಡ್ಡದು. ಉತ್ತರಕನ್ನಡ ಜಿಲ್ಲೆಯ ಸಣ್ಣ ಹಳ್ಳಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಸಹಜ ಅಡವಿ, ಹಾಳಾದ ನೆಲದಲ್ಲಿ ನೆಟ್ಟ ಅಕೇಶಿಯಾ ತೋಪು, ಕಡಿದು ಮೇಯಿಸಿ ಹಾಳಾದ ಅಡವಿ, ಈ ಮೂರನ್ನು ಹೋಲಿಸಿ ನೋಡಲಾಗಿ, ಮಳೆ ಬಿದ್ದೊಡನೆ ಹೆಚ್ಚು ನೀರು ಓಡಿಹೋದದ್ದು ಹಾಳಾದ ಅಡವಿಯಿಂದ, ಹೆಚ್ಚು ನೀರು ಭೂಮಿಯೊಳಗೆ ಇಳಿದದ್ದು ಸಹಜ ಅಡವಿಯಲ್ಲಿ. ಕಡಿಮೆ ಮಳೆಯ ಸೀಮೆಯಲ್ಲಿ, ಅಥವಾ ಹುಲ್ಲುಗಾವಲಿನ ಮೇಲೆ ಹೇರಿದ ತೋಪಿನಲ್ಲಿ, ತಕ್ಕಡಿಯು ಆಚೆಗೆ ವಾಲುವದೂ ಉಂಟು. ದೇಶಕಾಲಗಳನ್ನು ನೋಡದೆ ಒಂದೇ ವಿಧಿಯನ್ನು ಎಲ್ಲೆಡೆಗೂ ಹಚ್ಚುವದು ಸಲ್ಲದು.

ಇಲ್ಲಿ ಒಂದು ಆಕ್ಷೇಪವು ಏಳುವದು. ಅಡವಿಯು ನೀರನ್ನು ಇಂಗಿಸುವದಾದರೆ 2019ರ ಪ್ರವಾಹವನ್ನು ಏಕೆ ತಡೆಯಲಿಲ್ಲ? ಖಾನಾಪುರದ ಘಟ್ಟದಲ್ಲಿ ಅಡವಿಯು ಇನ್ನೂ ಉಳಿದಿರುವದಲ್ಲವೆ? ಸಮಾಧಾನವೇನೆಂದರೆ, ತುಂಬಿದ ಹಗೇವಿಗೆ ಮತ್ತೆ ತುಂಬಲಾಗದು. ದಿನಗಟ್ಟಲೆ ಎಡೆಬಿಡದೆ ಸುರಿದು ಮಣ್ಣು ತೋಯ್ದಮೇಲೆ, ಅಡವಿಯ ನೆಲವೂ ಬಿದ್ದ ನೀರನ್ನೆಲ್ಲ ಹೊರಕ್ಕೆ ಬಿಡುವದು. ಸಣ್ಣ ಮಧ್ಯಮ ಮಳೆಗಳ ಹುಚ್ಚುಹೊಳೆಯನ್ನು ಅಡವಿಯು ತಡೆಯಬಲ್ಲದು. ಮಹಾವೃಷ್ಟಿಯ ಪ್ರವಾಹವನ್ನು ತಡೆಯುವದೆಂದು ಭರವಸೆ ಕೊಡುವದು ಸುಳ್ಳಾಗುವದು. ಅಂಥ ಸಮಯದಲ್ಲಿ ಊರನ್ನು ಕಾಯುವದು ನದಿಗೆ ಹರಿಯಲು ಬಿಟ್ಟ ಜಾಗವೇ ಹೊರತು ಬೇರಲ್ಲ. ಮಲಪ್ರಭೆಯ ಕೆಳಪಾತ್ರದಲ್ಲಿ ಆ ಜಾಗವು ವರ್ಷದಿಂದ ವರ್ಷಕ್ಕೆ ಒತ್ತುವರಿಯಾಗಿ ಕಿರಿದಾಗಿದೆ. ನೀರು ಬಾರದ ವರ್ಷಗಳಲ್ಲಿ ಪಾತ್ರವನ್ನು ಉತ್ತವರು, ನೀರು ಬಂದ ವರ್ಷ ಅದನ್ನು ಶಪಿಸುವದು ನ್ಯಾಯವಲ್ಲ.

ಬೆಟ್ಟ ಕುಸಿಯುವದರಲ್ಲಿಯೂ ಇದೇ ವಿವೇಕವು ಬೇಕು. ಬೇರುಗಳು ಮೇಲಿನ ಕೆಲವು ಅಡಿಗಳ ಮಣ್ಣನ್ನು ಹೆಣೆದು ಹಿಡಿಯುವವು. ಅದಕ್ಕಿಂತ ಆಳದಲ್ಲಿ ನೀರು ತುಂಬಿ ಮಣ್ಣು ಬಂಡೆಯಿಂದ ಜಾರಿದರೆ, ಗಿಡಸಮೇತ ಬೆಟ್ಟವು ಇಳಿಯುವದು. 2024ನೆಯ ಇಸವಿ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಇನ್ನೂರಕ್ಕೂ ಮಿಕ್ಕಿ ಜನರನ್ನು ಕೊಂದ ಕುಸಿತವು ಮೇಲಿನ ಕಡಿದಾದ ಇಳಿಜಾರಿನಲ್ಲಿ ಹುಟ್ಟಿ ಕಣಿವೆಯ ಉದ್ದಕ್ಕೂ ಹರಿಯಿತು. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದ ಅನೇಕ ಕುಸಿತಗಳಲ್ಲಿ, ರಸ್ತೆಗಾಗಿಯೂ ಮನೆಗಾಗಿಯೂ ಇಳಿಜಾರಿನ ಬುಡವನ್ನು ನೇರವಾಗಿ ಕತ್ತರಿಸಿದ್ದು ಮುಖ್ಯಕಾರಣವೆಂದು ಭೂವಿಜ್ಞಾನಿಗಳು ತಿಳಿಸಿದರು. ಬುಡವನ್ನು ಕಿತ್ತಮೇಲೆ ಬಣವೆಯು ನಿಲ್ಲಲಾರದೆಂಬುದು ಒಕ್ಕಲಿಗನಿಗೆ ಹೇಳಿಕೊಡತಕ್ಕ ಮಾತಲ್ಲ.

ಇನ್ನು ಹವೆಯ ವಿಚಾರ. ಭೂಮಿಯ ವಾತಾವರಣವು ಕಲ್ಲಿದ್ದಲು ಮತ್ತು ಎಣ್ಣೆಯ ಹೊಗೆಯಿಂದ ಬೆಚ್ಚಗಾಗುತ್ತಿರುವದು ಈಗ ಸಂದೇಹವಿಲ್ಲದ ಸಂಗತಿ. ಗಾಳಿಯು ಒಂದು ಡಿಗ್ರಿ ಸೆಲ್ಸಿಯಸ್ ಬೆಚ್ಚಗಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲದು. ಹೆಚ್ಚು ಆವಿಯನ್ನು ಹಿಡಿದ ಗಾಳಿಯು ಬಿಡುವಾಗ ಒಮ್ಮೆಲೆ ಹೆಚ್ಚಾಗಿ ಬಿಡುವದು, ಬಿಡದಿರುವಾಗ ಬಹುಕಾಲ ಬಿಡದಿರುವದು. 1950ರಿಂದ 2015ರವರೆಗಿನ ಲೆಕ್ಕವನ್ನು ನೋಡಿ, ಮಧ್ಯಭಾರತದಲ್ಲಿ ವಿಸ್ತಾರವಾಗಿ ಸುರಿಯುವ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆಯೆಂದು 2017ರಲ್ಲಿ ವಿದ್ವಾಂಸರು ತೋರಿಸಿದರು. ನಾಲ್ಕು ತಿಂಗಳ ಗಳಿಕೆಯು ನಾಲ್ಕು ವಾರಗಳ ಗಳಿಕೆಯಾಗುವ ದಿನಗಳು ಬರುತ್ತಿರುವಾಗ ಹಗೇವಿನ ಬಾಯಿಯನ್ನು ಕಾಯುವದು ಮೊದಲಿಗಿಂತಲೂ ಅವಶ್ಯವಾಗುವದು.

ಮಲಪ್ರಭೆಯ ನೀರಿನ ವಿಷಯದಲ್ಲಿ ಎಲ್ಲರ ದೃಷ್ಟಿಯೂ ಈಗ ಮಹಾದಾಯಿಯ ಮೇಲಿದೆ. ಅದೇ ಖಾನಾಪುರದ ಅಡವಿಯಲ್ಲಿ ಹುಟ್ಟಿ ಪಡುವಲಿಗೆ ಗೋವೆಯತ್ತ ಹರಿಯುವ ಆ ನದಿಯಿಂದ ಕಳಸಾ ಮತ್ತು ಬಂಡೂರಿ ಹಳ್ಳಗಳ ಮೂಲಕ ಮಲಪ್ರಭೆಗೆ ತಿರುಗಿಸಲು ನ್ಯಾಯಾಧಿಕರಣವು 2018ರ ಆಗಸ್ಟಿನಲ್ಲಿ ಕೊಟ್ಟ ತೀರ್ಪಿನಲ್ಲಿ ಒಟ್ಟು 3.9 ಟಿಎಂಸಿ ನೀರು ಹಂಚಿಕೆಯಾಯಿತು. ರಾಜ್ಯರಾಜ್ಯಗಳ ವ್ಯಾಜ್ಯದ ಗುಣದೋಷಗಳು ಈ ಉಪನ್ಯಾಸದ ವಿಷಯವಲ್ಲ. ನರಗುಂದ-ನವಲಗುಂದದ ರೈತರ ಬಾಯಾರಿಕೆಯು ನಿಜವಾದದ್ದು, ಅದನ್ನು ಹಗುರಾಗಿ ಕಾಣತಕ್ಕದ್ದಲ್ಲ. ಆದರೆ ಒಂದು ಗಣಿತವನ್ನು ಎಲ್ಲರೂ ಮಾಡಿನೋಡಬೇಕು. ಆ 3.9 ಟಿಎಂಸಿಯು ರೇಣುಕಾಸಾಗರದ ಧಾರಣಶಕ್ತಿಯ ಹತ್ತನೆಯ ಒಂದು ಪಾಲಿನಷ್ಟು. ಉಳಿದ ಒಂಬತ್ತು ಪಾಲನ್ನು ಮಲಪ್ರಭೆಯ ಸ್ವಂತ ಜಲಾನಯನವೇ ಕೊಡಬೇಕು. ಹೊರಗಿನ ಒಂದು ಪಾಲಿಗಾಗಿ ಪಡುವ ಶ್ರಮದ ಕಾಲುಭಾಗವನ್ನಾದರೂ ಒಳಗಿನ ಒಂಬತ್ತು ಪಾಲಿಗಾಗಿ ಪಟ್ಟಿದ್ದೇವೆಯೇ ಎಂದು ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳತಕ್ಕದ್ದು.

ಹಾಗಾದರೆ ಕರ್ತವ್ಯವೇನು? ಘಟ್ಟದ ಸೀಮೆಯವರಿಗೆ ಒಂದು, ಬಯಲುಸೀಮೆಯವರಿಗೆ ಇನ್ನೊಂದು.

ಘಟ್ಟದಲ್ಲಿ ಮಾಡತಕ್ಕ ಮುಖ್ಯಕಾರ್ಯವು ಹೊಸದಾಗಿ ನೆಡುವದಕ್ಕಿಂತ ಇದ್ದದ್ದನ್ನು ಉಳಿಸುವದು. ಸಹಜ ಅಡವಿಯು ನೂರಾರು ವರ್ಷಗಳಲ್ಲಿ ಕಟ್ಟಿದ ಮಣ್ಣನ್ನು ಯಾವ ನರ್ಸರಿಯ ಸಸಿಯೂ ಹತ್ತು ವರ್ಷಗಳಲ್ಲಿ ಕಟ್ಟಲಾರದು. ಬೇಸಿಗೆಯಲ್ಲಿ ತರಗೆಲೆಗೆ ಬೆಂಕಿ ಹಚ್ಚುವದು ಹಗೇವಿಗೆ ಬೆಂಕಿ ಹಚ್ಚಿದಂತೆ. ಉತ್ತರಕನ್ನಡದ ತೋಟಿಗರು ಸೊಪ್ಪಿನಬೆಟ್ಟದಿಂದ ಸೊಪ್ಪನ್ನೂ ದರಕನ್ನೂ ತಂದು ಅಡಿಕೆತೋಟಕ್ಕೆ ಹಾಕುವ ರೂಢಿಯಲ್ಲಿಯೂ ಮಿತಿಯುಂಟು. ಮಿತಿ ಮೀರಿ ಬೆಟ್ಟವನ್ನು ಬೋಳಿಸಿದವನ ತೋಟದ ಮೇಲಿನ ಒರತೆಯೇ ಮೊದಲು ಬತ್ತುವದು. 1983ರ ಸಪ್ಟೆಂಬರದಲ್ಲಿ ಶಿರಸಿ ತಾಲೂಕಿನ ಸಾಲಕಣಿಯ ಹಳ್ಳಿಗರು ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತು ಅಪ್ಪಿಕೋ ಚಳುವಳಿಯನ್ನು ಆರಂಭಿಸಿದಾಗ, ಅವರಿಗೆ ತಮ್ಮ ಹಳ್ಳಗಳು ಬತ್ತುತ್ತಿರುವದು ಕಣ್ಣಿಗೆ ಕಂಡಿತ್ತು. ಕೊಡಗಿನಲ್ಲಿ 1200ಕ್ಕೂ ಮಿಕ್ಕಿ ದೇವರಕಾಡುಗಳು ಇಂದಿಗೂ ಉಳಿದಿರುವದು ಹಿರಿಯರ ಇಂಥದೇ ವಿವೇಕದ ಫಲವು.

ಬಯಲುಸೀಮೆಯವರ ಕರ್ತವ್ಯವು ಮೂರು ಬಗೆ. ಮೊದಲನೆಯದು, ಮಿತಬಳಕೆ. ಮಲಪ್ರಭೆಯ ಕಟ್ಟಿನ ಮೇಲಕ್ಕೂ ಕೆಳಕ್ಕೂ ಕಬ್ಬಿನ ಬೆಳೆಯು ಹಬ್ಬಿದೆ. ವರ್ಷವಿಡೀ ನೀರು ಕುಡಿಯುವ ಈ ಬೆಳೆಗಾಗಿ ಹೊಳೆಯಿಂದಲೂ ಬಾವಿಯಿಂದಲೂ ಪಂಪುಗಳು ಎತ್ತುವ ನೀರು ಜಲಾಶಯಕ್ಕೆ ತಲುಪಲಾರದು. ಗಿಡವು ನೀರು ಕುಡಿಯುವದೆಂದು ಅಡವಿಯನ್ನು ದೂರುವವನು ತನ್ನ ಹೊಲದ ಕಬ್ಬು ಕುಡಿಯುವದನ್ನೂ ಲೆಕ್ಕಹಾಕಲಿ. ಎರಡನೆಯದು, ಹೊಲದ ಒಡ್ಡು. ಎರೆಭೂಮಿಯು ತೋಯ್ದು ಉಬ್ಬಿದೊಡನೆ ಬಾಯ್ಮುಚ್ಚುವದು. ಆಮೇಲಿನ ಮಳೆಯು ಮೇಲೆಯೇ ಓಡುವದು. ಬೆಣ್ಣಿಹಳ್ಳವು ಒಂದೇ ರಾತ್ರಿಯಲ್ಲಿ ಉಕ್ಕಿ ಊರು ಹೊಕ್ಕು, ಕೆಲವೇ ದಿನಗಳಲ್ಲಿ ಇಳಿದುಹೋಗುವದಕ್ಕೆ ಇದು ದೊಡ್ಡ ಕಾರಣ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಬದುವಿನಲ್ಲಿ ಹುಲ್ಲು ಗಿಡ ಬೆಳೆಸಿ, ಕೆರೆಗಳ ಹೂಳು ತೆಗೆದು ಓಟವನ್ನು ನಡಿಗೆಯಾಗಿ ಮಾಡಬೇಕು. ಮೂರನೆಯದು, ನದಿಯ ಜಾಗವನ್ನು ನದಿಗೆ ಬಿಟ್ಟುಕೊಡುವದು.

ಇವುಗಳಿಗಿಂತ ಮಿಗಿಲಾದ ಇನ್ನೊಂದು ಋಣವು ಉಂಟು. ಖಾನಾಪುರದ ಅಡವಿಯೊಳಗಿನ ಹಳ್ಳಿಗರ ಬದುಕನ್ನು ಬಯಲಿನವರು ಎಂದಾದರೂ ನೆನೆದಿದ್ದಾರೆಯೇ? ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅಲ್ಲಿಯ ಎಷ್ಟೋ ಊರುಗಳಿಗೆ ಹಾದಿಯೇ ಇಲ್ಲ. ರೋಗಿಯನ್ನು ಹೆಗಲ ಮೇಲೆ ಹೊತ್ತು ತರಬೇಕು. ಆ ಅಡವಿಯು ಕಾಯ್ದಿಟ್ಟದ್ದೆಂದು ಅವರಿಗೆ ನಿರ್ಬಂಧಗಳು ಹೆಚ್ಚು, ಸೌಕರ್ಯಗಳು ಕಡಿಮೆ. 2011ರಲ್ಲಿ ಭೀಮಗಡವು ವನ್ಯಧಾಮವಾದ ಮೇಲೆ ಈ ನಿರ್ಬಂಧಗಳು ಇನ್ನೂ ಬಿಗಿಯಾದವು. ಹಗೇವಿನ ಬಾಯಿಯಲ್ಲಿ ಅವರು ಕಾವಲಿದ್ದಾರೆ, ಜೋಳವನ್ನು ಉಣ್ಣುವವರು ನೂರು ಹರದಾರಿ ಕೆಳಗಿದ್ದಾರೆ. ಕಾಯುವವನನ್ನು ಹಸಿವಿನಲ್ಲಿಟ್ಟು ಉಣ್ಣುವದು ದಾಸೋಹದ ಧರ್ಮಕ್ಕೆ ಒಪ್ಪುವ ಮಾತಲ್ಲ. ನೀರಿನಿಂದ ಗಳಿಸಿದ ನಗರಗಳೂ ಕಾರಖಾನೆಗಳೂ ಕಾಲುವೆಯ ಒಕ್ಕಲುತನವೂ ಆ ಗಳಿಕೆಯಲ್ಲಿ ಒಂದು ಪಾಲನ್ನು ಆ ಹಳ್ಳಿಗಳ ಶಾಲೆ, ದವಾಖಾನೆ, ಸೇತುವೆಗಳಿಗಾಗಿ ಮೀಸಲಿಡುವದು ದಾನವಲ್ಲ, ಸಲ್ಲತಕ್ಕ ಸಂಬಳ. ಅದು ಸಲ್ಲದಿದ್ದರೆ ಅಡವಿಯನ್ನು ಉಳಿಸಿರೆಂದು ಅವರಿಗೆ ಬೋಧಿಸುವ ಅಧಿಕಾರವು ಬಯಲಿನವರಿಗೆ ಇರಲಾರದು.

ಮಠದ ಭಕ್ತರು ಮುಂದಿನ ಬಾರಿ ಕೂಡಲಸಂಗಮಕ್ಕೆ ಹೋದಾಗ, ಅಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದ ಕೂಡಲೆ ಕಣಕುಂಬಿಯನ್ನು ನೆನೆಯಲಿ. ಸಾಧ್ಯವಾದವರು ಒಮ್ಮೆ ಅಲ್ಲಿಗೂ ಹೋಗಿ, ತರಗೆಲೆಯನ್ನು ಸರಿಸಿ, ಅದರ ಕೆಳಗಿನ ತಂಪಾದ ಕಪ್ಪು ಮಣ್ಣನ್ನು ಮುಟ್ಟಿ ನೋಡಲಿ. ಮೂರು ನೂರು ಕಿಲೋಮೀಟರು ಕೆಳಗೆ ನಿಂತ ಕುಟುಂಬದ ಬೇಸಿಗೆಯ ಕೊಡಪಾನವು ಆ ಮಣ್ಣಿನಲ್ಲಿ ಅಡಗಿದೆಯೆಂಬ ಅರಿವು ಉಂಟಾದರೆ ಈ ಉಪನ್ಯಾಸವು ಸಾರ್ಥಕವಾದಂತೆ. ಅರಿತಮೇಲೆ ಆಚರಣೆಯು ಬರಲೇಬೇಕು. ಆಚರಣೆಯಿಲ್ಲದ ಅರಿವು ಇಂಗದೆ ಹರಿದುಹೋದ ಮಳೆಯಂತೆ ನಿಷ್ಫಲವು.